ಕೆಮ್ಮಲಿಲ್ಲ, ಹಾಗಾದರೆ ಸರಿಯಾಗಿ ನುಂಗಿದನೇ?

ಕಲಬುರಗಿಯ ಬೇಸಿಗೆ ಗೊತ್ತಲ್ಲ. ಏಪ್ರಿಲ್ ಬರುತ್ತಲೇ ಬಿಸಿಲು 40 ಡಿಗ್ರಿ ದಾಟುತ್ತದೆ. ವಾರ್ಡಿನ ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತಿರುತ್ತದೆ. ತಲೆಗೆ ಪೆಟ್ಟು ಬಿದ್ದು ಮಲಗಿದವರ ತುಟಿ ಒಡೆದಿರುತ್ತದೆ, ಮೂಗಿನಲ್ಲಿ ಪೈಪು ಇರುತ್ತದೆ. ಪಕ್ಕದಲ್ಲಿ ತಾಯಿಯೋ ಹೆಂಡತಿಯೋ ನೀರಿನ ಬಾಟ್ಲಿ ಹಿಡಿದು ನಿಂತಿರುತ್ತಾರೆ. ‘ಮೇಡಂ, ಬಾಯಿ ಒಣಗ್ಯಾದ್ರಿ. ಬರೇ ಒಂದು ಗುಟುಕು ಹಾಕ್ಲೇನ್ರಿ?’ ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ಕೊಡುವುದು ನೀರು. ಅಂಥ ಜನರಿಗೆ ‘ಸ್ವಲ್ಪ ತಡೀರಿ, ನೀರು ಈಗ ಬೇಡ’ ಎನ್ನುವ ಕೆಲಸ ನನ್ನದು. ಪಾರ್ಶ್ವವಾಯು ಆದವರು, ಬೈಕಿನಿಂದ ಬಿದ್ದವರು, ಮೆದುಳಿನ ಆಪರೇಷನ್ ಆದವರು ಮತ್ತೆ ಮಾತಾಡಲು, ಮತ್ತೆ ನುಂಗಲು ಕಲಿಯುವಾಗ ಜೊತೆಗಿರುವವಳು ನಾನು.

ಮಾತಿನ ಭಾಗ ಜನರಿಗೆ ಗೊತ್ತಿದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಹಳೆಯ ಬೇರೇ ಇದೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ಶುರುವಾಗಿದ್ದು 1965ರಲ್ಲಿ. ಆದರೆ ‘ಮಾತು ಕಲಿಸುವ ಮೇಡಂಗೂ ಊಟಕ್ಕೂ ಏನು ಸಂಬಂಧ?’ ಅಂತ ಈಗಲೂ ಕೇಳುತ್ತಾರೆ. ಸಂಬಂಧ ನೇರವಾದದ್ದು. ಮಾತಾಡುವ ತುಟಿ, ನಾಲಿಗೆ, ಗಂಟಲು ಇವೇ ನುಂಗುವುದು. ಅವುಗಳಿಗೆ ಆಜ್ಞೆ ಕೊಡುವ ನರಗಳೂ ಅವೇ.

ನನ್ನನ್ನು ಕಾಡುವ ವಿಷಯ ಬೇರೆ. ರೋಗಿ ಸರಿಯಾಗಿ ನುಂಗುತ್ತಾನಾ ಎಂದು ನಾನು ಮಾಡುವ ಪರೀಕ್ಷೆಯಿಂದ ಎಲ್ಲರೂ ಬಯಸುವುದು ಒಂದೇ ಮಾತಿನ ಉತ್ತರ. ಕೊಡಬಹುದಾ, ಬೇಡವಾ? ಮನೆಯವರು ಹಾಗೆ ಕೇಳುತ್ತಾರೆ. ಅವಸರದಲ್ಲಿರುವ ಡಾಕ್ಟರೂ ಹಾಗೇ ಕೇಳುತ್ತಾರೆ. ಕಾರ್ಡಿನ ಮೇಲೆ ‘ಬಾಯಿಂದ ಆಹಾರ ಕೊಡಬಹುದು’ ಎಂದು ಒಂದು ಸಾಲು ಬೀಳುತ್ತದೆ. ಯಾವ ಆಹಾರ, ಎಷ್ಟು, ಕೂತೋ ಮಲಗಿಯೋ, ಬೆಳಿಗ್ಗೆಯೋ ರಾತ್ರಿಯೋ, ಯಾರ ಕೈಯಿಂದ? ಇದೆಲ್ಲ ಬರೆಯಲು ಆ ಕಾರ್ಡಿನಲ್ಲಿ ಜಾಗವೇ ಇರುವುದಿಲ್ಲ. ನನಗಂತೂ ಪರೀಕ್ಷೆ ಎಂದರೆ ಆ ಪ್ರಶ್ನೆಗಳೇ.

ಒಂದು ಸೆಕೆಂಡಿನ ಕೆಲಸ

ಗಂಟಲಿನ ಉಬ್ಬಿನ ಮೇಲೆ ಬೆರಳಿಟ್ಟು ಒಮ್ಮೆ ಉಗುಳು ನುಂಗಿ ನೋಡಿ. ಆ ಉಬ್ಬು ಮೇಲೆದ್ದು ಕೆಳಗೆ ಬರುತ್ತದೆ. ಅಷ್ಟರಲ್ಲಿ ಒಳಗೆ ಬಹಳ ಆಗಿಹೋಗಿರುತ್ತದೆ. ಉಸಿರು ನಿಂತಿರುತ್ತದೆ. ದನಿಯ ತಂತುಗಳು ಮುಚ್ಚಿಕೊಂಡಿರುತ್ತವೆ. ಎಪಿಗ್ಲಾಟಿಸ್ ಎಂಬ ಸಣ್ಣ ಮುಚ್ಚಳ ಉಸಿರಿನ ದಾರಿಯ ಮೇಲೆ ಬಾಗಿರುತ್ತದೆ. ಅನ್ನನಾಳದ ಬಾಯಿ ತೆರೆದು ತುತ್ತು ಒಳಗೆ ಹೋಗಿರುತ್ತದೆ. ಎಲ್ಲ ಸೇರಿ ಸುಮಾರು ಒಂದು ಸೆಕೆಂಡ್. ವಾಡಿ ಜಂಕ್ಷನ್‌ನಲ್ಲಿ ಸಿಕಂದರಾಬಾದಿನ ಗಾಡಿಗೂ ರಾಯಚೂರಿನ ಗಾಡಿಗೂ ದಾರಿ ಬೇರೆ ಮಾಡುವ ಹಾಗೆ, ಗಂಟಲಿನಲ್ಲಿ ಗಾಳಿಗೂ ಅನ್ನಕ್ಕೂ ದಾರಿ ಬದಲಾಗಬೇಕು. ಬದಲಾಗುವುದು ಸ್ವಲ್ಪ ತಡವಾದರೆ ತುತ್ತು ಉಸಿರಿನ ಕೊಳವೆಗೆ ಇಳಿಯುತ್ತದೆ.

ಆರೋಗ್ಯವಾಗಿರುವವರಿಗೂ ಒಮ್ಮೊಮ್ಮೆ ಹೀಗಾಗುತ್ತದೆ. ನೆತ್ತಿಗೆ ಹತ್ತುತ್ತದೆ, ಜೋರಾಗಿ ಕೆಮ್ಮುತ್ತೇವೆ, ಯಾರೋ ತಲೆ ತಟ್ಟುತ್ತಾರೆ, ಮುಗಿಯಿತು. ಆ ಕೆಮ್ಮು ನಮ್ಮನ್ನು ಕಾಯುತ್ತದೆ. ಮೆದುಳಿಗೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ಆ ಕೆಮ್ಮೇ ಬರುವುದಿಲ್ಲ. ಗಂಟಲಿನ ಒಳಗಿನ ಸ್ಪರ್ಶ ಮಂಕಾಗಿರುತ್ತದೆ. ಬಹಳ ದಿನ ಬಾಯಿಯಲ್ಲಿ ವೆಂಟಿಲೇಟರ್ ಕೊಳವೆ ಇದ್ದವರಲ್ಲಿ ಇದು ಇನ್ನೂ ಜಾಸ್ತಿ. ಹಾಲು ಶ್ವಾಸಕೋಶದ ಕಡೆ ಇಳಿಯುತ್ತಿದ್ದರೂ ಮುಖದಲ್ಲಿ ಏನೂ ಕಾಣುವುದಿಲ್ಲ. ಇದನ್ನು ಸೈಲೆಂಟ್ ಆಸ್ಪಿರೇಷನ್ ಎನ್ನುತ್ತಾರೆ. ‘ಕೆಮ್ಮಲಿಲ್ರಿ, ಆರಾಮ ಉಂಡಾನ’ ಎಂಬ ಮಾತು ಕೇಳಿದಾಗ ನನಗೆ ನೆಮ್ಮದಿ ಆಗದಿರಲು ಇದೇ ಕಾರಣ.

ಹಾಲು ರೊಟ್ಟಿ

ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿ ಹೇಳುತ್ತೇನೆ. ಜೇವರ್ಗಿ ಕಡೆಯ ಹುಡುಗ. ಇಪ್ಪತ್ತರ ಆಸುಪಾಸು. ರಾತ್ರಿ ಬೈಕಿನಿಂದ ಬಿದ್ದಿದ್ದ, ಹೆಲ್ಮೆಟ್ ಇರಲಿಲ್ಲ. ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿತ್ತು. ಗಂಟಲಿಗೆ ರಂಧ್ರ ಮಾಡಿ ಇಟ್ಟಿದ್ದ ಟ್ರಕಿಯಾಸ್ಟಮಿ ಕೊಳವೆಯನ್ನು ಆಗಷ್ಟೇ ತೆಗೆದಿದ್ದರು. ಬೇರೆ ಕಡೆಯಿಂದ ನಮ್ಮಲ್ಲಿಗೆ ಬಂದ ಅವನ ಕಾರ್ಡಿನಲ್ಲಿ ಅದೇ ಸಾಲು ಇತ್ತು. ಬಾಯಿಂದ ಕೊಡಬಹುದು. ಮೂಗಿನ ಪೈಪು ಇರಲಿಲ್ಲ. ಅವನ ತಾಯಿ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಚೂರು ಮಾಡಿ ನೆನೆಸಿ, ಕೈಯಿಂದ ಉಣಿಸುತ್ತಿದ್ದಳು. ಅವನು ಬಾಯಿ ತೆರೆಯುತ್ತಿದ್ದ, ನುಂಗುತ್ತಿದ್ದ, ಮತ್ತೆ ಬಾಯಿ ತೆರೆಯುತ್ತಿದ್ದ. ಕೆಮ್ಮಿಲ್ಲ. ಸಂಜೆಯಾದರೆ ಮಾತ್ರ ಜ್ವರ. ರಕ್ತ ಪರೀಕ್ಷೆ ಮಾಡಿಸಿದ್ದರು, ಗುಳಿಗೆ ಬದಲಿಸಿದ್ದರು. ‘ಬಿಸಿಲಿಗೆ ಬರ್ತದ’ ಎಂದು ಮನೆಯವರು ಸಮಾಧಾನ ಮಾಡಿಕೊಂಡಿದ್ದರು.

ನಾನು ಮೊದಲು ಏನೂ ಹೇಳದೆ ಆ ಊಟವನ್ನು ನೋಡುತ್ತಾ ಕೂತೆ. ತುತ್ತು ಬಾಯಿಗೆ ಹೋಗುತ್ತಿತ್ತು, ಎಡಗೆನ್ನೆಯಲ್ಲಿ ನಿಲ್ಲುತ್ತಿತ್ತು. ಅವನ ಗಮನ ಬಾಗಿಲ ಕಡೆ ಹೋಗುತ್ತಿತ್ತು. ತಾಯಿ ಗಲ್ಲ ತಟ್ಟಿದರೆ ನೆನಪಾದವನಂತೆ ನಾಲಿಗೆ ಆಡಿಸುತ್ತಿದ್ದ. ನಾನು ಗಂಟಲ ಮೇಲೆ ಬೆರಳಿಟ್ಟೆ. ತೋರುಬೆರಳು ದವಡೆಯ ಕೆಳಗೆ, ಉಳಿದ ಬೆರಳು ಅದರ ಕೆಳಗೆ ಸಾಲಾಗಿ. ನಾಲಿಗೆ ಹೊರಟಿದ್ದು ಗೊತ್ತಾಗುತ್ತಿತ್ತು. ಆದರೆ ಗಂಟಲಿನ ಉಬ್ಬು ಏಳುವುದು ತಡವಾಗುತ್ತಿತ್ತು, ಎದ್ದರೂ ಪೂರ್ತಿ ಏಳುತ್ತಿರಲಿಲ್ಲ. ಕೆಲವು ತುತ್ತಿನ ನಂತರ ‘ಆ ಅನ್ನು’ ಅಂದೆ. ದನಿ ಗುಳುಗುಳು ಅಂದಿತು. ಊಟಕ್ಕೆ ಮುಂಚೆ ಆ ದನಿ ಒಣಗಿದ್ದರೂ ಸ್ವಚ್ಛವಾಗಿತ್ತು.

ಇಎನ್‌ಟಿ ಡಾಕ್ಟರನ್ನು ಕೇಳಿಕೊಂಡು ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ನೋಡಿದೆವು. ಈ ಪರೀಕ್ಷೆಗೆ ಫೀಸ್ (FEES) ಎನ್ನುತ್ತಾರೆ. ಅಮೆರಿಕದ ಸೂಸನ್ ಲ್ಯಾಂಗ್‌ಮೋರ್ ಮತ್ತು ಜೊತೆಯವರು 1988ರಲ್ಲಿ ಇದನ್ನು ಪ್ರಕಟಿಸಿದರು. ಹಾಲು ಬಿಳಿ, ಗಂಟಲು ಕೆಂಪು, ಹಾಗಾಗಿ ಎಲ್ಲ ಚೆನ್ನಾಗಿ ಕಂಡಿತು. ರೊಟ್ಟಿಯ ಚೂರು ನಾಲಿಗೆಯ ಬುಡದಲ್ಲೇ ಉಳಿದಿತ್ತು. ಹಾಲು ಮಾತ್ರ ಮುಂಚೆಯೇ ಜಾರಿ ದನಿಯ ತಂತುಗಳ ನಡುವೆ ಕೆಳಗೆ ಇಳಿದಿತ್ತು. ಅವನು ಸುಮ್ಮನೆ ನಮ್ಮನ್ನು ನೋಡುತ್ತಿದ್ದ. ತಾಯಿಯೂ ಪರದೆ ನೋಡುತ್ತಿದ್ದಳು. ‘ಇದು ನಾ ಕೊಟ್ಟ ಹಾಲೇನ್ರಿ?’ ಅಂದಳು.

ಆ ಪ್ರಶ್ನೆಗೆ ಅಲ್ಲೇ, ಆಗಲೇ ಉತ್ತರ ಕೊಡಬೇಕಿತ್ತು. ಹೌದು, ನೀವು ಕೊಟ್ಟ ಹಾಲೇ. ಇದು ನಿಮಗೆ ಗೊತ್ತಾಗುವ ದಾರಿ ಇರಲಿಲ್ಲ. ಇಷ್ಟು ದಿನ ನುಂಗುವ ಅಭ್ಯಾಸ ಬಿಟ್ಟುಹೋಗದಂತೆ ಇಟ್ಟವರೂ ನೀವೇ. ಹೀಗೆ ಹೇಳಿದೆ. ಸಮಾಧಾನಕ್ಕೆ ಆಡಿದ ಮಾತಲ್ಲ ಅದು. ಅವಳಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ಮಗ ಮುಂಜಾನೆ ಚೆನ್ನಾಗಿ ನುಂಗುತ್ತಾನೆ, ಮಧ್ಯಾಹ್ನ ತೂಕಡಿಸುತ್ತಾನೆ, ಸಂಬಂಧಿಕರು ಬಂದರೆ ಬಾಯಲ್ಲಿ ಇಟ್ಟುಕೊಂಡೇ ಇರುತ್ತಾನೆ ಎಂಬುದನ್ನೆಲ್ಲ ಅವಳೇ ಹೇಳಿದ್ದು. ಯಾರೂ ಅವಳನ್ನು ಕೇಳಿರಲಿಲ್ಲ. ಮುಂದಿನ ದಿನಗಳಲ್ಲಿ ಅವನ ಊಟಕ್ಕೆ ಮೂಗಿನ ಪೈಪು ಮತ್ತೆ ಬಂತು. ಜೊತೆಗೆ ಬೆಳಗಿನ ಹೊತ್ತು ಗಟ್ಟಿ ಗಂಜಿಯ ಕೆಲವು ಚಮಚ ತಾಯಿಯ ಕೈಯಿಂದಲೇ. ಅವಳ ಬೆರಳು ಮಗನ ಗಂಟಲ ಮೇಲೆ. ಉಬ್ಬು ಎದ್ದು ಇಳಿದ ಮೇಲೆ ಇನ್ನೊಮ್ಮೆ ಬರಿದೇ ನುಂಗಿಸಿ, ಆಮೇಲೆ ಮುಂದಿನ ಚಮಚ. ಸಂಜೆಯ ಜ್ವರ ನಿಂತಿತು.

ಹಾಲು ರೊಟ್ಟಿಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಮ್ಮ ಕಡೆ ಕಾಯಿಲೆಯವರಿಗೆ, ಹಲ್ಲಿಲ್ಲದ ಮುದುಕರಿಗೆ, ಮಕ್ಕಳಿಗೆ ಮೊದಲು ನೆನಪಾಗುವ ಊಟ ಅದೇ. ಮೆತ್ತಗಿದೆ, ಹಾಗಾಗಿ ಸುಲಭ ಎಂದುಕೊಳ್ಳುತ್ತೇವೆ. ಮಜ್ಜಿಗೆ ಅನ್ನವೂ ಹಾಗೆ. ಆದರೆ ಒಂದೇ ತುತ್ತಿನಲ್ಲಿ ತೆಳು ದ್ರವ ಮತ್ತು ಚೂರು ಎರಡೂ ಇದ್ದರೆ ಎರಡೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ನಾಲಿಗೆ ಚೂರನ್ನು ಒಟ್ಟು ಮಾಡುವಷ್ಟರಲ್ಲಿ ಹಾಲು ಗಂಟಲಿಗೆ ಓಡಿರುತ್ತದೆ. ನುಂಗುವುದು ತಡವಾಗುವ ರೋಗಿಗೆ ಇದು ಬಹಳ ಕಷ್ಟದ ಊಟ. ಬರೀ ನೀರೂ ಹಾಗೆಯೇ. ಎಲ್ಲಕ್ಕಿಂತ ಸುಲಭ ಅಂತ ನಾವು ನಂಬಿರುವ ನೀರು ಎಲ್ಲಕ್ಕಿಂತ ಬೇಗ ಜಾರುತ್ತದೆ.

ಬಾಯಿಗೆ ಏನೂ ಹಾಕುವ ಮುಂಚೆ

ಪರೀಕ್ಷೆ ಎಂದರೆ ಚಮಚ ಹಿಡಿಯುವುದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಚಮಚ ಕೊನೆಗೆ ಬರುತ್ತದೆ. ಮೊದಲು ನೋಡುವುದು ಎಚ್ಚರ. ಹೆಸರು ಕರೆದರೆ ಕಣ್ಣು ತೆರೆದು ಸುಮಾರು ಒಂದು ಊಟದ ಹೊತ್ತು ಎಚ್ಚರವಾಗಿ ಇರಬಲ್ಲನೇ? ಬೆನ್ನು ನೆಟ್ಟಗೆ ಕೂರಬಲ್ಲನೇ, ಕತ್ತು ನಿಲ್ಲುತ್ತದೆಯೇ? ತನ್ನ ಉಗುಳನ್ನು ತಾನೇ ನುಂಗುತ್ತಾನೋ, ತುಟಿಯ ಮೂಲೆಯಿಂದ ಸುರಿಯುತ್ತದೋ? ಉಗುಳೇ ನಿಭಾಯಿಸಲು ಆಗದವರಿಗೆ ಗಂಜಿ ಕೊಟ್ಟು ನೋಡುವ ಪ್ರಶ್ನೆಯೇ ಇಲ್ಲ. ಬೇಕೆಂದು ಕೆಮ್ಮಿಸಿದರೆ ಕೆಮ್ಮಿಗೆ ಬಲ ಇದೆಯೇ? ದನಿ ಹೇಗಿದೆ? ಉಸಿರು ಎಷ್ಟು ವೇಗವಾಗಿದೆ? ಏದುಸಿರು ಬಿಡುವವರಿಗೆ ನುಂಗುವಾಗ ಉಸಿರು ನಿಲ್ಲಿಸುವುದೇ ಕಷ್ಟ.

ಆಮೇಲೆ ಬಾಯಿ. ಇದರ ಬಗ್ಗೆ ನನಗೆ ಹೇಳಿದಷ್ಟೂ ಸಾಲದು. ವಾರಗಟ್ಟಲೆ ಬಾಯಿಂದ ಉಣ್ಣದವರ ಬಾಯಿಯನ್ನು ಯಾರೂ ತೊಳೆದಿರುವುದಿಲ್ಲ. ಉಣ್ಣದಿದ್ದ ಮೇಲೆ ಯಾಕೆ ತೊಳೆಯಬೇಕು ಎಂಬ ಲೆಕ್ಕ. ನಾಲಿಗೆಯ ಮೇಲೆ ದಪ್ಪ ಪದರ, ಅಂಗುಳಕ್ಕೆ ಒಣಗಿ ಅಂಟಿದ ಕಫ, ಹಲ್ಲಿನ ಸಂದಿಯಲ್ಲಿ ಹಳೆಯ ತಂಬಾಕು. ಆ ಬಾಯಿಯ ಉಗುಳು ರಾತ್ರಿ ನಿದ್ದೆಯಲ್ಲಿ ಉಸಿರಿನ ಕೊಳವೆಗೆ ಇಳಿದರೆ ಸಾಕು, ನ್ಯುಮೋನಿಯಾಗೆ ಊಟವೇ ಬೇಕಿಲ್ಲ. ಲ್ಯಾಂಗ್‌ಮೋರ್ ಅವರ ತಂಡ 1998ರಲ್ಲಿ ವಯಸ್ಸಾದ ರೋಗಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಆಸ್ಪಿರೇಷನ್ ನ್ಯುಮೋನಿಯಾ ಯಾರಿಗೆ ಬರುತ್ತದೆ ಎಂದು ನೋಡಿದಾಗ, ಉಣಿಸಲು ಇನ್ನೊಬ್ಬರ ಕೈ ಬೇಕಾದವರು, ಬಾಯಿ ಸ್ವಚ್ಛ ಮಾಡಿಕೊಳ್ಳಲು ಇನ್ನೊಬ್ಬರನ್ನು ನಂಬಿದವರು, ಹುಳುಕು ಹಲ್ಲು ಜಾಸ್ತಿ ಇದ್ದವರು ಮುಂದೆ ಬಂದರು. ನುಂಗುವ ತೊಂದರೆ ಒಂದೇ ಸಾಮಾನ್ಯವಾಗಿ ಸಾಕಾಗುವುದಿಲ್ಲ, ಬೇರೆ ಕಾರಣಗಳೂ ಸೇರಬೇಕು ಅಂತ ಅವರು ಹೇಳಿದರು. ನಮ್ಮ ವಾರ್ಡಿನಲ್ಲಿ ನಾನು ದಿನವೂ ಇದನ್ನೇ ನೋಡುತ್ತೇನೆ. ಬ್ರಶ್ ಮತ್ತು ಒದ್ದೆ ಬಟ್ಟೆ ಔಷಧಿಯಷ್ಟೇ ಮುಖ್ಯ.

ಗುಟ್ಕಾ ತಿಂದು ತಿಂದು ಬಾಯಿ ಬಿಗಿದುಕೊಂಡವರೂ ಬರುತ್ತಾರೆ. ಎರಡು ಬೆರಳು ಕೂಡ ಒಳಗೆ ಹೋಗುವುದಿಲ್ಲ. ಅದು ಪೆಟ್ಟಿನಿಂದ ಬಂದದ್ದಲ್ಲ, ವರ್ಷಗಳ ಹಿಂದೆಯೇ ಶುರುವಾದದ್ದು. ಆದರೆ ಚಮಚ ಯಾವುದು, ತುತ್ತು ಎಷ್ಟು ಎಂಬುದು ಅದರ ಮೇಲೂ ನಿಂತಿದೆ. ಹಾಗಾಗಿ ಪೆಟ್ಟಿಗೆ ಮುಂಚಿನ ಬಾಯಿ ಹೇಗಿತ್ತು ಎಂದು ಮನೆಯವರನ್ನು ಕೇಳಲೇಬೇಕು.

ಇನ್ನು ಗಂಟಲಿಗೆ ಕಡ್ಡಿ ಮುಟ್ಟಿಸಿ ವಾಕರಿಕೆ ಬಂದರೆ ‘ನುಂಗುತ್ತಾನೆ’ ಎನ್ನುವ ಹಳೆಯ ಪದ್ಧತಿ. ಅದನ್ನು ನಾನು ನಂಬುವುದಿಲ್ಲ. ಆರೋಗ್ಯವಂತರಲ್ಲೂ ಕೆಲವರಿಗೆ ವಾಕರಿಕೆ ಬರುವುದಿಲ್ಲ, ಅವರು ಚೆನ್ನಾಗಿಯೇ ಉಣ್ಣುತ್ತಾರೆ. ವಾಕರಿಕೆ ಬಂದವರಿಗೂ ಹಾಲು ತಪ್ಪು ದಾರಿಗೆ ಹೋಗಬಹುದು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಅಂಕಿ ಕೂಡ ಅಷ್ಟೇ. ಅಂಕಿ ಇಳಿಯಲಿಲ್ಲ ಎಂದರೆ ಒಳಗೆ ಏನೂ ಹೋಗಿಲ್ಲ ಎಂದರ್ಥವಲ್ಲ. ಟ್ರಕಿಯಾಸ್ಟಮಿ ಇದ್ದವರಿಗೆ ನೀಲಿ ಬಣ್ಣ ಬೆರೆಸಿ ಕೊಟ್ಟು, ಕೊಳವೆಯಿಂದ ಕಫ ಎಳೆದಾಗ ನೀಲಿ ಬರುತ್ತದೆಯೇ ನೋಡುತ್ತಾರೆ. ಬಂದರೆ ತಪ್ಪಿದೆ ಅಂತ ಗೊತ್ತಾಯಿತು. ಬರದಿದ್ದರೆ ಏನೂ ಸಾಬೀತಾಗಲಿಲ್ಲ.

ಚಮಚ ಹಿಡಿಯುವ ಹೊತ್ತಿಗೆ ಎರಡು ದಾರಿ ಇವೆ. ಒಂದು, 1992ರಿಂದ ಹೆಸರಾದ 90 ಮಿಲಿ ನೀರಿನ ಪರೀಕ್ಷೆ. ನಿಲ್ಲಿಸದೆ ಕುಡಿಸಿ, ಆಗಲೂ ಆಮೇಲೆ ಒಂದು ನಿಮಿಷದವರೆಗೂ ಕೆಮ್ಮು ಬರುತ್ತದೆಯೇ, ದನಿ ಒದ್ದೆಯಾಗಿ ಗುಳುಗುಳು ಅನ್ನುತ್ತದೆಯೇ ನೋಡುವುದು. ಎಚ್ಚರವಾಗಿದ್ದು ಹೇಳಿದ ಮಾತು ಕೇಳುವವರಿಗೆ ಅದು ಒಳ್ಳೆಯದು. ಇನ್ನೊಂದು, 2007ರಲ್ಲಿ ಆಸ್ಟ್ರಿಯಾದವರು ಪ್ರಕಟಿಸಿದ ಗಸ್ (GUSS) ಎಂಬ 20 ಅಂಕದ ಪರೀಕ್ಷೆ. ಅದರಲ್ಲಿ ಮೊದಲು ಉಗುಳು, ಆಮೇಲೆ ಗಟ್ಟಿ ಗಂಜಿಯಂಥದ್ದು, ಅದು ಸರಿಹೋದರೆ ನೀರು, ಕೊನೆಗೆ ಗಟ್ಟಿ ಪದಾರ್ಥ. ಮಾಡಿದ್ದು ಪಾರ್ಶ್ವವಾಯು ಆದವರಿಗಾಗಿ. ಆದರೂ ತಲೆಗೆ ಪೆಟ್ಟು ಬಿದ್ದವರಲ್ಲಿ ನನಗೆ ಈ ಕ್ರಮವೇ ಹಿಡಿಸುತ್ತದೆ. ನೀರಿನಿಂದ ಶುರು ಮಾಡಿ ಸೋತರೆ, ಗಂಜಿ ಆಗುತ್ತಿತ್ತೋ ಏನೋ ಎಂಬುದು ಗೊತ್ತೇ ಆಗುವುದಿಲ್ಲ.

ಅವಸರದ ತುತ್ತು

ಕೆಲವರ ಗಂಟಲು ಸರಿಯಾಗಿಯೇ ಇರುತ್ತದೆ. ಕ್ಯಾಮೆರಾ ಇಳಿಸಿದರೂ ತಪ್ಪು ಸಿಗುವುದಿಲ್ಲ. ಆದರೂ ಅವರು ತಟ್ಟೆ ಮುಂದೆ ಕೂತಾಗ ನನಗೆ ಭಯವಾಗುತ್ತದೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದವರಿಗೆ ‘ಸಾಕು, ನಿಲ್ಲು’ ಎನ್ನುವ ಒಳಗಿನ ತಡೆ ಸಡಿಲವಾಗಿರುತ್ತದೆ. ಒಂದು ತುತ್ತು ನುಂಗುವ ಮುಂಚೆ ಇನ್ನೊಂದು, ಅದರ ಮೇಲೆ ಮತ್ತೊಂದು. ಬಾಯಿ ತುಂಬಿದ್ದಾಗಲೇ ನಗುತ್ತಾರೆ, ಮಾತಾಡುತ್ತಾರೆ. ಇನ್ನು ಕೆಲವರಿಗೆ ಒಂದು ಪಕ್ಕದ ಲೋಕವೇ ಇಲ್ಲದಂತಾಗಿ, ಎಡಗೆನ್ನೆಯಲ್ಲಿ ಉಳಿದ ಅನ್ನ ಊಟ ಮುಗಿದು ಗಂಟೆಯಾದರೂ ಗೊತ್ತಾಗುವುದಿಲ್ಲ.

ಮೌನವಾದ ಕೋಣೆಯಲ್ಲಿ, ನಾನು ಎದುರು ಕೂತು, ಒಂದೊಂದೇ ಚಮಚ ಅಳೆದು ಕೊಟ್ಟರೆ ಇವರು ನೂರಕ್ಕೆ ನೂರು ಪಾಸಾಗುತ್ತಾರೆ. ಆದರೆ ಅವರು ಉಣ್ಣುವುದು ಅಂಥ ಕೋಣೆಯಲ್ಲಿ ಅಲ್ಲ. ಭೇಟಿಯ ಹೊತ್ತಿನಲ್ಲಿ ಹಾಸಿಗೆ ಸುತ್ತ ಅರ್ಧ ಊರು ನಿಂತಿರುತ್ತದೆ. ಒಬ್ಬರು ಶರಣಬಸವೇಶ್ವರರ ಗುಡಿಯ ಪ್ರಸಾದ ತಂದಿರುತ್ತಾರೆ, ಇನ್ನೊಬ್ಬರು ಬಂದೇ ನವಾಜ್ ದರ್ಗಾದಿಂದ ಬಂದಿರುತ್ತಾರೆ, ಮಾವ ಬಿಸಿ ಮಿರ್ಚಿ ಭಜ್ಜಿ ಪೊಟ್ಟಣ ಬಿಚ್ಚುತ್ತಾನೆ. ಎಲ್ಲರಿಗೂ ತಮ್ಮ ಕೈಯಿಂದ ಒಂದು ತುತ್ತು ಹಾಕುವ ಆಸೆ. ಅದು ಪ್ರೀತಿ. ಅದನ್ನು ಗದರಿಸಿ ಓಡಿಸುವುದು ನನಗೆ ಸರಿ ಕಾಣುವುದಿಲ್ಲ. ಪ್ರಸಾದವನ್ನು ಪುಡಿ ಮಾಡಿ ಗಂಜಿಯಲ್ಲಿ ಕಲಸಿ ಒಂದು ಚಮಚ, ಇಲ್ಲವೇ ತುಟಿಗೆ ಮುಟ್ಟಿಸಿ ಹಣೆಗೆ ಒತ್ತುವುದು, ಹೀಗೆ ದಾರಿ ಹುಡುಕುತ್ತೇವೆ. ಆದರೆ ನಾನು ಬೇಕೆಂದೇ ಒಮ್ಮೆ ಈ ಗದ್ದಲದಲ್ಲೂ ಬಂದು ಊಟ ನೋಡುತ್ತೇನೆ. ಸದ್ದಿನಲ್ಲಿ ಅವನ ನುಂಗು ಹೇಗಿದೆ? ಯಾರೂ ಹೇಳದಿದ್ದರೆ ತಾನೇ ನಿಲ್ಲಿಸುತ್ತಾನಾ? ಅದು ಗೊತ್ತಾಗದೆ ನಾನು ಕಾರ್ಡಿನ ಮೇಲೆ ಬರೆಯುವುದಿಲ್ಲ.

ಮತ್ತೆ, ಈ ರೋಗಿಗಳು ಬದಲಾಗುತ್ತಲೇ ಇರುತ್ತಾರೆ. ಸೋಮವಾರ ಉಗುಳು ಸುರಿಸುತ್ತಿದ್ದವನು ಮುಂದಿನ ವಾರ ಗಂಜಿ ಉಣ್ಣಬಹುದು. ಫಿಟ್ಸ್ ಬಂದರೆ, ನಿದ್ದೆ ಬರಿಸುವ ಔಷಧಿ ಹೆಚ್ಚಾದರೆ ಮತ್ತೆ ಹಿಂದೆ ಹೋಗಬಹುದು. ಒಮ್ಮೆ ಬರೆದ ಸಾಲು ತಿಂಗಳವರೆಗೆ ಹಾಸಿಗೆ ಮೇಲೆ ತೂಗಾಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬೇಡ ಎಂದು ಬರೆದದ್ದೂ ಹಾಗೇ. ಹುಷಾರಾಗಿ, ಬಾಯಿಂದ ಉಣ್ಣಬಲ್ಲವನು ಸುಮ್ನೆ ಪೈಪಿನಲ್ಲೇ ಇರುತ್ತಾನೆ. ಅದೂ ಅನ್ಯಾಯವೇ ಅಲ್ವಾ?

ಅಂಬಲಿ ಮತ್ತು ಸಿರಿಂಜು

ತೆಳು ನೀರು ತಪ್ಪು ದಾರಿ ಹಿಡಿಯುವವರಿಗೆ ದ್ರವವನ್ನು ಗಟ್ಟಿ ಮಾಡಿ ಕೊಡುತ್ತೇವೆ. ಅದಕ್ಕೆ ಡಬ್ಬಿಯ ಪುಡಿ ಸಿಗುತ್ತದೆ. ಬೆಲೆ ಜಾಸ್ತಿ, ನಮ್ಮಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಚಿಂಚೋಳಿ ಕಡೆಯ ಒಬ್ಬ ಹಿರಿಯ ರೈತರಿಗೆ ಪಾರ್ಶ್ವವಾಯು ಆಗಿತ್ತು, ಅದೂ ಮೆದುಳಿನ ಬುಡದಲ್ಲಿ. ನುಂಗುವುದನ್ನು ನಡೆಸುವ ಕೇಂದ್ರ ಇರುವುದೇ ಅಲ್ಲಿ. ಕೈಕಾಲು ಬೇಗ ಚೇತರಿಸಿದವು, ಗಂಟಲು ಹಿಂದೆ ಉಳಿಯಿತು. ಮಗ ಹೈದರಾಬಾದಿನಿಂದ ಪುಡಿ ತರಿಸಿದ. ಅಪ್ಪ ಒಂದು ಚಮಚ ಬಾಯಿಗೆ ಹಾಕಿಕೊಂಡು ಉಗುಳಿದರು. ‘ಇದು ಅಂಟು ಅದ, ಇದನ್ನ ಯಾಂವ ಕುಡೀತಾನ?’ ಅಂದರು. ಎರಡನೆಯ ದಿನವೂ ಬಾಯಿ ತೆರೆಯಲಿಲ್ಲ.

ಅವರ ಹೆಂಡತಿ ಏನೂ ಮಾತಾಡದೆ ಮಾರನೇ ದಿನ ಸ್ಟೀಲ್ ಡಬ್ಬಿಯಲ್ಲಿ ಜೋಳದ ಅಂಬಲಿ ತಂದರು. ನನಗೆ ಅದನ್ನು ನೋಡಿ ಬಹಳ ಖುಷಿಯಾಯಿತು. ಅಳೆದು ನೋಡೋಣ ಅಂದೆ. ಇಡ್‌ಸಿ (IDDSI) ಎಂಬ ಅಂತರರಾಷ್ಟ್ರೀಯ ಪದ್ಧತಿ ಇದೆ. ಆಹಾರ, ಪಾನೀಯವನ್ನು 0ಯಿಂದ 7ರವರೆಗೆ ದರ್ಜೆ ಮಾಡುತ್ತದೆ. ತೆಳುವೋ ಗಟ್ಟಿಯೋ ಎಂದು ತಿಳಿಯಲು ದುಬಾರಿ ಯಂತ್ರ ಬೇಡ, 10 ಮಿಲಿ ಸಿರಿಂಜು ಸಾಕು. ಆದರೆ ಸಿರಿಂಜಿನ ಅಳತೆ ಮುಖ್ಯ. 0 ಗೆರೆಯಿಂದ 10ರ ಗೆರೆಗೆ 61.5 ಮಿಲಿಮೀಟರ್ ಇರಬೇಕು. ಹಾಗಾಗಿ ಮೊದಲು ಸ್ಕೇಲ್ ಇಟ್ಟು ನೋಡಬೇಕು. ಹಿಂದಿನಿಂದ ಒತ್ತುವ ಹಿಡಿ ತೆಗೆದು, ತುದಿಗೆ ಬೆರಳು ಅಡ್ಡ ಹಿಡಿದು, 10ರವರೆಗೆ ತುಂಬಿ, ಬೆರಳು ಬಿಟ್ಟು 10 ಸೆಕೆಂಡ್ ಎಣಿಸಬೇಕು. ಪೂರ್ತಿ ಹರಿದುಹೋದರೆ ನೀರಿನಷ್ಟೇ ತೆಳು. 1ರಿಂದ 4 ಮಿಲಿ ಉಳಿದರೆ ಒಂದನೇ ದರ್ಜೆ, 4ರಿಂದ 8 ಉಳಿದರೆ ಎರಡನೇದು, 8ಕ್ಕಿಂತ ಜಾಸ್ತಿ ಉಳಿದು ಹನಿಯುತ್ತಿದ್ದರೆ ಮೂರನೇದು. ಒಂದು ಹನಿಯೂ ಬೀಳದಿದ್ದರೆ ನಾಲ್ಕು.

ಆ ಅಜ್ಜಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಮೊಮ್ಮಗಳ ನೇಲ್ ಪಾಲಿಶ್‌ನಿಂದ ಸಿರಿಂಜಿನ ಮೇಲೆ ಎರಡು ಕೆಂಪು ಗೆರೆ ಹಾಕಿಕೊಂಡೆವು, ಉಳಿದದ್ದು ಆ ಎರಡರ ನಡುವೆ ಇರಬೇಕು. ಆಗ ಅಂಬಲಿಯ ಸ್ವಭಾವವೆಲ್ಲ ಹೊರಬಂತು. ಬಿಸಿಯಾಗಿದ್ದಾಗ ಹರಿಯಿತು. ಆರಿದ ಮೇಲೆ ಅದೇ ಅಂಬಲಿ ಸಿರಿಂಜಿನಲ್ಲಿ ನಿಂತುಬಿಟ್ಟಿತು. ಮಜ್ಜಿಗೆ ಬೆರೆಸಿದರೆ ಮತ್ತೆ ತೆಳುವಾಯಿತು. ಜೋಳದ ನುಚ್ಚು ಸಣ್ಣ ಕಾಳಾಗಿ ಉಳಿದಿದ್ದು ತುದಿಗೆ ಸಿಕ್ಕಿಕೊಂಡಿತು, ಅಂದರೆ ಸೋಸಲೇಬೇಕು. ಇನ್ನೊಂದು ವಿಷಯ. ಹಿಟ್ಟಿನಿಂದ ಗಟ್ಟಿಯಾದ ಯಾವುದನ್ನೇ ಆಗಲಿ ಉಗುಳು ಕರಗಿಸುತ್ತದೆ. ಎಂಜಲು ಚಮಚವನ್ನು ಅದೇ ಬಟ್ಟಲಿಗೆ ಅದ್ದಿ ಅದ್ದಿ ಉಣಿಸಿದರೆ, ಕೊನೆಗೆ ಬಟ್ಟಲಲ್ಲಿ ಉಳಿಯುವುದು ತೆಳು ನೀರು. ಆದ್ದರಿಂದ ಸ್ವಲ್ಪ ಸ್ವಲ್ಪ ಬೇರೆ ಬಟ್ಟಲಿಗೆ ಹಾಕಿಕೊಂಡು ಉಣಿಸುವುದನ್ನು ಅವರು ರೂಢಿ ಮಾಡಿಕೊಂಡರು. ಆ ಯಜಮಾನರು ಅಂಬಲಿಗೆ ಬಾಯಿ ತೆರೆದರು. ಪರೀಕ್ಷೆಗೆ ಬೇಕಾದ ಸಹಕಾರ ಅಲ್ಲಿಂದ ಶುರುವಾಯಿತು.

ಎಳ್ಳ ಅಮಾವಾಸ್ಯೆ ಬಂತು. ಹೊಲದಲ್ಲಿ ಚರಗ ಚೆಲ್ಲುವ ದಿನ ಅವರು ಆಸ್ಪತ್ರೆಯಲ್ಲಿ. ‘ಭಜ್ಜಿ ಇಲ್ದ ಹ್ಯಾಂಗ್ರಿ ಹಬ್ಬ?’ ಎಂದು ಕೇಳಿದರು. ಹಬ್ಬದ ಭಜ್ಜಿ ಎಂದರೆ ಸೊಪ್ಪು, ಹಸಿ ಕಾಳು, ಅವರೆ, ತೊಗರಿ ಎಲ್ಲ ಕೂಡಿಸಿ ಬೇಯಿಸಿದ್ದು. ಸೊಪ್ಪಿನ ನಾರು, ಕಾಳಿನ ಸಿಪ್ಪೆ ಎರಡೂ ಗಂಟಲಲ್ಲಿ ಅಂಟುತ್ತವೆ. ರುಬ್ಬಿ, ಜರಡಿಯಲ್ಲಿ ಸೋಸಿ, ಚಮಚ ವಾಲಿಸಿದರೆ ಒಂದೇ ಮುದ್ದೆಯಾಗಿ ಬೀಳುವ ಹಾಗೆ ಮಾಡಿಸಿ ಪರೀಕ್ಷೆ ಮಾಡಿದೆವು. ಕತ್ತನ್ನು ದುರ್ಬಲವಾದ ಪಕ್ಕಕ್ಕೆ ತಿರುಗಿಸಿ ನುಂಗಿದರೆ ಗಟ್ಟಿ ಇರುವ ಪಕ್ಕದಿಂದ ತುತ್ತು ಇಳಿಯುತ್ತದೆ ಎಂದು ಅವರಿಗೆ ಆಗಲೇ ಕಲಿಸಿದ್ದೆ. ಹಾಗೇ ನುಂಗಿದರು. ದನಿ ಸ್ವಚ್ಛವಾಗಿತ್ತು. ಸಜ್ಜೆ ಕಡುಬು ಮಾತ್ರ ಬೇಡ ಅಂದೆ, ಒಪ್ಪಿಕೊಂಡರು.

ಗಟ್ಟಿ ಮಾಡಿದ ದ್ರವಕ್ಕೂ ಅದರದೇ ತೊಂದರೆ ಇದೆ. ಜನ ಕಡಿಮೆ ಕುಡಿಯುತ್ತಾರೆ. ನಮ್ಮ ಬಿಸಿಲಿನಲ್ಲಿ ಮೈಯಲ್ಲಿ ನೀರು ಬತ್ತುವುದು ಸಣ್ಣ ವಿಷಯವಲ್ಲ. ತೀರಾ ಗಟ್ಟಿಯಾದರೆ ಗಂಟಲಲ್ಲಿ ಅಂಟಿ ಉಳಿಯುತ್ತದೆ. ಅಮೆರಿಕದ ಲೂಯಿವಿಲ್‌ನ ಒಂದು ಪುನರ್ವಸತಿ ಆಸ್ಪತ್ರೆಯವರು 1984ರಿಂದ ಕೆಲವು ರೋಗಿಗಳಿಗೆ ಬಾಯಿ ಪೂರ್ತಿ ಸ್ವಚ್ಛ ಮಾಡಿಸಿ, ಊಟದ ಹೊತ್ತು ಬಿಟ್ಟು, ನೋಡಿಕೊಳ್ಳುತ್ತಾ ಬರೀ ನೀರು ಕುಡಿಯಲು ಬಿಟ್ಟರು. ಸ್ವಚ್ಛ ಬಾಯಿಂದ ಇಳಿದ ಸ್ವಲ್ಪ ನೀರನ್ನು ಶ್ವಾಸಕೋಶ ತಡೆದುಕೊಳ್ಳುತ್ತದೆ ಎಂಬ ಆಲೋಚನೆ ಅದು. ಎಲ್ಲರಿಗೂ ಹೊಂದುವುದಿಲ್ಲ. ಜೋರು ಕೆಮ್ಮು ಬಂದು ಒದ್ದಾಡುವವರಿಗೆ, ಎದೆಯಲ್ಲಿ ಸೋಂಕು ಇರುವವರಿಗೆ ಬೇಡ. ಆದರೆ ಯಾರಿಗೆ ಹೊಂದುತ್ತದೋ ಅವರನ್ನು ಹುಡುಕಿ ಗುಟುಕು ನೀರು ಕೊಡುವುದೂ ನಮ್ಮ ಪರೀಕ್ಷೆಯ ಕೆಲಸವೇ ಎಂದು ನನ್ನ ನಂಬಿಕೆ.

ಪೈಪು

ಮೂಗಿನ ಪೈಪನ್ನು ಜನ ಸಾವಿನ ಗುರುತು ಎಂಬಂತೆ ನೋಡುತ್ತಾರೆ. ‘ಅದನ್ನ ತೆಗೀರಿ, ನಾವು ಉಣಿಸ್ತೀವಿ’ ಎನ್ನುತ್ತಾರೆ. ಪೈಪು ಇದ್ದರೆ ಎಲ್ಲ ಸುರಕ್ಷಿತ ಎಂದು ಕೆಲವು ಸಿಬ್ಬಂದಿ ನಂಬುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ಪೈಪು ಉಗುಳನ್ನು ತಡೆಯುವುದಿಲ್ಲ, ಹೊಟ್ಟೆಯಿಂದ ಮೇಲೆ ಬರುವುದನ್ನೂ ತಡೆಯುವುದಿಲ್ಲ. ಹಾಲು ಹಾಕುವಾಗ ತಲೆ ಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು, ಹಾಕಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಇರಬೇಕು. ಆದರೆ ಮೆದುಳು ಚೇತರಿಸಿಕೊಳ್ಳುವ ಆ ವಾರಗಳಲ್ಲಿ ಹೊಟ್ಟೆಗೆ ಅನ್ನ, ಔಷಧಿ ತಪ್ಪದೆ ಹೋಗಲು ಅದೇ ದಾರಿ. ಬಹಳಷ್ಟು ಮಂದಿ ಮತ್ತೆ ಬಾಯಿಂದ ಉಣ್ಣುತ್ತಾರೆ. ನಾನು ಮನೆಯವರಿಗೆ ಪೈಪು ಯಾವಾಗ ಹೋಗುತ್ತದೆ ಎಂದು ತಾರೀಕು ಹೇಳುವುದಿಲ್ಲ. ಏನಾದರೆ ಹೋಗುತ್ತದೆ ಎಂದು ಹೇಳುತ್ತೇನೆ. ಎಚ್ಚರ ಇರಬೇಕು, ಕೆಮ್ಮಿಗೆ ಬಲ ಬರಬೇಕು, ದಿನಕ್ಕೆ ಬೇಕಾದಷ್ಟು ಬಾಯಿಂದ ಹೋಗಬೇಕು, ಆ ದಿನಗಳಲ್ಲಿ ಜ್ವರ ಬರಬಾರದು. ಹೀಗೆ ಹೇಳಿದರೆ ಅವರೂ ನನ್ನ ಜೊತೆ ಕಾಯುತ್ತಾರೆ.

ಕಣ್ಣು, ಕಿವಿ, ಬೆರಳು ಇವುಗಳಿಂದ ತಿಳಿಯುವುದಕ್ಕೆ ಮಿತಿ ಇದೆ. ಸುಮ್ಮನೆ ಒಳಗೆ ಇಳಿಯುವುದನ್ನು ಹಾಸಿಗೆ ಪಕ್ಕ ಕೂತು ಖಚಿತವಾಗಿ ಹೇಳಲು ಯಾರಿಗೂ ಆಗದು. ಜ್ವರ ಮರುಕಳಿಸುತ್ತಿದ್ದರೆ, ಮೆದುಳಿನ ಬುಡಕ್ಕೆ ಪೆಟ್ಟಾಗಿದ್ದರೆ, ಕ್ಯಾಮೆರಾ ಪರೀಕ್ಷೆಯೋ, ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್‌ರೇ ಚಲನಚಿತ್ರ ತೆಗೆಯುವ ಪರೀಕ್ಷೆಯೋ ಬೇಕೇ ಬೇಕು. ಅದಕ್ಕಾಗಿ ದೂರ ಹೋಗಬೇಕಾದರೂ ಹೋಗಿ ಎಂದು ನಾನು ಒತ್ತಾಯಿಸುತ್ತೇನೆ. ಹೋಗುವಾಗ ಮನೆಯ ಅಂಬಲಿ, ಮನೆಯ ಚಮಚ ತೆಗೆದುಕೊಂಡು ಹೋಗಿ ಎಂದೂ ಹೇಳುತ್ತೇನೆ. ಅಲ್ಲಿ ಕಸ್ಟರ್ಡ್ ನುಂಗಿ ಬಂದವನು ಇಲ್ಲಿ ಏನು ಉಣ್ಣಬೇಕು ಎಂಬುದು ಕಸ್ಟರ್ಡಿನಿಂದ ಗೊತ್ತಾಗುವುದಿಲ್ಲ.

ಮನೆಗೆ ಹೊರಟಾಗ

ಯಾದಗಿರಿಯ ಸುರಪುರ, ಶಹಾಪುರ, ಬೀದರಿನ ಔರಾದ್ ಕಡೆಯಿಂದ ಬಂದವರು ಒಮ್ಮೆ ಮನೆಗೆ ಹೋದರೆ ಮತ್ತೆ ಬರುವುದು ಕಷ್ಟ. ಗಾಡಿ ಖರ್ಚು, ಕೂಲಿ ತಪ್ಪುವುದು, ಎತ್ತಿ ಕೂರಿಸುವವರು ಬೇಕು. ಹಾಗಾಗಿ ಹೋಗುವ ಮುಂಚೆ ನನ್ನ ಕೊನೆಯ ಪರೀಕ್ಷೆ ಉಣಿಸುವವರದ್ದು. ಮನೆಯಲ್ಲಿ ಯಾರು ಉಣಿಸುತ್ತಾರೋ ಅವರೇ ಬರಬೇಕು. ವಾರ್ಡಿನಲ್ಲಿ ಹೆಂಡತಿ ಕಲಿತು, ಮನೆಯಲ್ಲಿ ಹೆಂಡತಿ ಹೊಲಕ್ಕೆ ಹೋಗಿ ಮಗಳು ಉಣಿಸಿದರೆ ಉಪಯೋಗವಿಲ್ಲ. ಎಷ್ಟು ಎತ್ತರಕ್ಕೆ ಕೂರಿಸುತ್ತಾರೆ, ದಿಂಬು ಎಲ್ಲಿಡುತ್ತಾರೆ, ಅವಸರ ಮಾಡುತ್ತಾರಾ, ತುತ್ತಿನ ನಂತರ ದನಿ ಕೇಳುತ್ತಾರಾ? ಎಲ್ಲ ನೋಡುತ್ತೇನೆ. ತಿದ್ದಬೇಕಾದ್ದು ಇದ್ದರೆ ಇನ್ನೊಂದು ಊಟ ಜೊತೆಗೆ ಕೂರುತ್ತೇನೆ. ಕಾರ್ಡಿನ ಹಿಂಭಾಗದಲ್ಲಿ ಕೈಯಿಂದಲೇ ಬರೆದು ಕೊಡುತ್ತೇನೆ. ಉಣಿಸುವವರ ಹೆಸರು, ಆಹಾರ ಮಾಡುವ ವಿಧಾನ, ಚಮಚದ ಅಳತೆ, ಕೂರಿಸುವ ರೀತಿ, ಯಾವಾಗ ನಿಲ್ಲಿಸಬೇಕು.

ನಿಮ್ಮ ಮನೆಯವರು ಯಾರಾದರೂ ಈಗ ಇಂಥ ವಾರ್ಡಿನಲ್ಲಿದ್ದರೆ ಸಂಕೋಚ ಬಿಟ್ಟು ಕೇಳಿ. ನುಂಗುವ ಪರೀಕ್ಷೆ ಆಗಿದೆಯಾ, ಯಾವ ದಿನ ಆಯಿತು, ಮತ್ತೆ ಯಾವಾಗ? ಯಾವ ಆಹಾರದಿಂದ ನೋಡಿದರು? ಬಾಯಿ ದಿನಕ್ಕೆ ಎಷ್ಟು ಸಲ ಸ್ವಚ್ಛ ಮಾಡಬೇಕು? ಮನೆಗೆ ಹೋದ ಮೇಲೆ ಕಾರಣವಿಲ್ಲದ ಜ್ವರ, ಊಟದ ನಂತರ ಒದ್ದೆಯಾಗುವ ದನಿ, ಕಫ ಹೆಚ್ಚುವುದು, ಒಂದು ಊಟಕ್ಕೆ ಮೊದಲಿಗಿಂತ ಬಹಳ ಹೊತ್ತು ಹಿಡಿಯುವುದು, ಮೈ ಇಳಿಯುವುದು ಕಂಡರೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ‘ನುಂಗುವ ತೊಂದರೆ ಇದ್ದವರು’ ಎಂದು ಮೊದಲೇ ಹೇಳಿ. ಹಾಗೆ ಹೇಳಿದರೆ ಡಾಕ್ಟರು ಎದೆ ಪರೀಕ್ಷೆ ಬೇಗ ಮಾಡುತ್ತಾರೆ. ಬಿಡುಗಡೆಯ ದಿನ ಮಾತ್ರ ಒಂದು ಪೂರ್ತಿ ಊಟವನ್ನು ನೀವೇ ನಿಮ್ಮ ಕೈಯಿಂದ, ನುಂಗುವ ಪರೀಕ್ಷೆ ಮಾಡಿದವರೆದುರು ಮಾಡಿಸಿ, ನೋಡಿ ಹೇಳಿ ಎಂದು ಕೇಳಿ. ಅರ್ಧ ಗಂಟೆಯ ಕೆಲಸ ಅದು. ಬಸ್ಸು ತಪ್ಪಿದರೂ ಪರವಾಗಿಲ್ಲ, ಮುಂದಿನದು ಹಿಡಿಯಿರಿ.